ಭಾಷಣಕಾರರೇ ಇಲ್ಲದ ಸಮ್ಮೇಳನ ನಡೆಯುತ್ತದಾ?

ಪ್ರಶ್ನೆ: ನಮ್ಮೂರಿನ ವಾಚನಾಲಯದಲ್ಲಿ ಕೃಷಿಕರು, ಮಾಷ್ಟ್ರುಗಳು, ಕಾಲೇಜಿನ ಮಕ್ಕಳು ಎಲ್ಲ ಸೇರಿ ಒಂದು ದಿನದ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಬೆಂಗಳೂರಿನಲ್ಲಿರುವ ಗೆಳೆಯ "ಅನ್‌ಕಾನ್ಫರೆನ್ಸ್ ಮಾಡಿ, ಭಾಷಣಕಾರರೇ ಬೇಡ, ಬಂದವರೇ ವಿಷಯ ಹೇಳ್ತಾರೆ" ಅನ್ನುತ್ತಾನೆ. 60-70 ಜನ ಬಂದು ಸುಮ್ನೆ ಗಲಾಟೆ ಆಗಲ್ವಾ? ಇದು ನಿಜಕ್ಕೂ ಹೇಗೆ ನಡೆಯುತ್ತದೆ?

ಉತ್ತರ:

ಗಲಾಟೆ ಆಗುವುದಿಲ್ಲ. ಹೆದರಬೇಕಾದದ್ದು ಬೇರೆ ಎರಡಕ್ಕೆ. ಒಂದು, ಯಾರೂ ಬಾಯಿ ಬಿಡದೆ ಕೂರುವುದು. ಇನ್ನೊಂದು, ಎಲ್ಲ ಕಡೆ ಮಾತಾಡುವ ಅದೇ ನಾಲ್ಕು ಜನ ಇಲ್ಲಿಯೂ ಇಡೀ ದಿನ ಮಾತಾಡುವುದು. ಎರಡಕ್ಕೂ ಉಪಾಯ ಇದೆ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಇಂಥ ಕೂಟ ನಡೆಸುವುದರಲ್ಲಿ ಕೈಜೋಡಿಸುತ್ತಾ ಬಂದಿದ್ದೇನೆ. ಹಾಗಾಗಿ ನಮ್ಮ ಕಡೆಗೆ ಹೊಂದುವ ಹಾಗೆ ಹೇಳುತ್ತೇನೆ.

ಮೊದಲು ಇದು ಎಲ್ಲಿಂದ ಬಂತು ಅನ್ನುವುದು. ಅಮೆರಿಕದ ಹ್ಯಾರಿಸನ್ ಓವೆನ್ ಎಂಬವರು 1983ರಲ್ಲಿ 250 ಜನರ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ನಡೆಸಿದರು. ತಯಾರಿಗೆ ಒಂದು ವರ್ಷ ಹಿಡಿಯಿತು. ಮುಗಿದ ಮೇಲೆ ನೋಡಿದರೆ ಜನಕ್ಕೆ ತುಂಬಾ ಹಿಡಿಸಿದ್ದು ಕಾಫಿ ಬಿಡುವು! ಅವರು ತಯಾರಿ ಮಾಡದೇ ಇದ್ದದ್ದು ಅದೊಂದೇ. ಹಾಗಾದರೆ ಕಾಫಿ ಬಿಡುವಿನ ಹುರುಪೂ ಇರಬೇಕು, ಸಮ್ಮೇಳನದಷ್ಟು ಕೆಲಸವೂ ಆಗಬೇಕು, ಅದು ಹೇಗೆ ಅಂತ ಯೋಚಿಸಿ 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಹೊಸ ರೀತಿ ಹಿಡಿದರು. ಅದಕ್ಕೆ ಓಪನ್ ಸ್ಪೇಸ್ ಎಂದು ಹೆಸರಾಯಿತು. ಅದಾಗಿ 20 ವರ್ಷಕ್ಕೆ, 2005ರ ಆಗಸ್ಟಿನಲ್ಲಿ, ಕ್ಯಾಲಿಫೋರ್ನಿಯಾದ್ದೇ ಪಾಲೋ ಆಲ್ಟೋದಲ್ಲಿ ಕಂಪ್ಯೂಟರ್ ಹುಡುಗರು ಬಾರ್‌ಕ್ಯಾಂಪ್ ಶುರು ಮಾಡಿದರು. ಒಂದು ಪ್ರಕಾಶನ ಸಂಸ್ಥೆ ಆಹ್ವಾನ ಇದ್ದವರಿಗೆ ಮಾತ್ರ ಇಂಥ ಕೂಟ ನಡೆಸುತ್ತಿತ್ತು. ನಾವು ಎಲ್ಲರಿಗೂ ಬಾಗಿಲು ತೆರೆಯೋಣ ಅಂತ ಇವರು ಹೊರಟದ್ದು. ಮರುವರ್ಷವೇ ಅದು ಬೆಂಗಳೂರಿಗೂ ಬಂತು. ನಿಮ್ಮ ಗೆಳೆಯ ನೋಡಿದ್ದು ಬಹುಶಃ ಈ ಜಾತಿಯದ್ದು. ನಮ್ಮಂಥ ಊರಿಗೆ ಓವೆನ್ ದಾರಿಯೇ ವಾಸಿ. ಬಾರ್‌ಕ್ಯಾಂಪಿನಲ್ಲಿ ನೋಡುಗರು ಅಂತ ಯಾರೂ ಇಲ್ಲ, ಬಂದವರೆಲ್ಲ ಏನಾದರೂ ಹೇಳಬೇಕು, ಇಲ್ಲ ಕೆಲಸಕ್ಕೆ ಕೈ ಹಾಕಬೇಕು ಅನ್ನುತ್ತಾರೆ. ಅಷ್ಟು ಗಟ್ಟಿ ಹಿಡಿದರೆ ನಮ್ಮಲ್ಲಿ ಅರ್ಧ ಜನ ಬರುವುದೇ ಇಲ್ಲ.

ಈಗ ವಿಷಯಕ್ಕೆ ಬರೋಣ. ಭಾಷಣದ ಪಟ್ಟಿ ಇಲ್ಲ ಅಂದರೆ ತಯಾರಿ ಇಲ್ಲ ಅಂತಲ್ಲ. ನೀವು ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ, ಕೇಳಿದವರಾದರೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪ್ರಸಂಗ ಯಾವುದು, ಯಾರು ಯಾವ ಪಾತ್ರ, ಯಾವ ಪದ್ಯ ಎತ್ತುತ್ತಾರೆ ಅನ್ನುವುದು ಗೊತ್ತಿರುತ್ತದೆ. ಪಾತ್ರದ ಮಾತಾಡುವ ಅರ್ಥಧಾರಿ ಏನು ಹೇಳುತ್ತಾನೆ ಅನ್ನುವುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಇಲ್ಲಿಯೂ ಚೌಕಟ್ಟು ನಿಮ್ಮದು, ಮಾತು ಬಂದವರದು. ಚೌಕಟ್ಟು ಸಡಿಲವಾದರೆ ಮಾತು ಹುಟ್ಟುವುದೇ ಇಲ್ಲ.

ಚೌಕಟ್ಟು ಅಂದರೆ ಇಷ್ಟು. ಆಮಂತ್ರಣದಲ್ಲಿ ಒಂದು ಪ್ರಶ್ನೆ ಇರಬೇಕು. "ಕೃಷಿ ವಿಚಾರ ಸಂಕಿರಣ" ಅಂತ ಹಾಕಿದರೆ ಜನ ಕೇಳಲು ಬರುತ್ತಾರೆ, ಕೈಕಟ್ಟಿ ಕೂರುತ್ತಾರೆ. "ಇನ್ನು ಹತ್ತು ವರ್ಷಕ್ಕೆ ನಮ್ಮ ತೋಟದಲ್ಲಿ ಯಾರು ದುಡಿಯುತ್ತಾರೆ?" ಅಂತ ಹಾಕಿ ನೋಡಿ. ಓದಿದ ಕೂಡಲೇ ಒಬ್ಬೊಬ್ಬನಿಗೂ ಹೇಳಲು ಒಂದು ಮಾತು ಇರುತ್ತದೆ. ಆಮೇಲೆ ಜಾಗ. ವಾಚನಾಲಯದ ಹಾಲ್, ಪಕ್ಕದ ಶಾಲೆಯ ಒಂದು ಕ್ಲಾಸು, ಹೊರಗೆ ಮರದ ಬುಡ. ಮೂರು ಜಾಗ, ಮುಕ್ಕಾಲು ಗಂಟೆಯ ನಾಲ್ಕು ಅವಧಿ, ನಡುವೆ ಕಾಲು ಗಂಟೆ ಬಿಡುವು. ಅಂದರೆ 12 ಚರ್ಚೆಗೆ ಜಾಗ ಸಿಕ್ಕಿತು. 70 ಜನಕ್ಕೆ ಧಾರಾಳ. ಇದನ್ನು ದೊಡ್ಡ ಕಾಗದದಲ್ಲಿ ಮನೆ ಮನೆ ಗೀಟು ಹಾಕಿ ಗೋಡೆಗೆ ಅಂಟಿಸಿ. ಮೇಲೆ ಜಾಗದ ಹೆಸರು, ಎಡಕ್ಕೆ ಸಮಯ, ಒಳಗೆಲ್ಲ ಖಾಲಿ. ಸಾಲು ಕುರ್ಚಿ ಬೇಡ, ವೃತ್ತದಲ್ಲಿ ಹಾಕಿ. ವೇದಿಕೆ ಇದ್ದರೆ ಅದರ ಮೇಲೆ ಊಟದ ಎಲೆಕಟ್ಟು ಇಟ್ಟುಬಿಡಿ, ಯಾರೂ ಹತ್ತುವುದಿಲ್ಲ.

ಬೆಳಗ್ಗೆ ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ಎಲ್ಲ ನಿಂತಿರುವುದು ಆ ಅರ್ಧ ಗಂಟೆಯ ಮೇಲೆ. ನಡೆಸುವವರು ಒಬ್ಬರು ನಡುವೆ ನಿಂತು ನಿಯಮ ಹೇಳುತ್ತಾರೆ. ಹತ್ತು ನಿಮಿಷ ಸಾಕು. "ನಿಮಗೆ ಮಾತಾಡಬೇಕೆಂದಿರುವ ವಿಷಯ ಚೀಟಿಯಲ್ಲಿ ಬರೆಯಿರಿ, ಕೆಳಗೆ ಹೆಸರು ಹಾಕಿ, ಎದ್ದು ನಿಂತು ಒಂದು ವಾಕ್ಯದಲ್ಲಿ ಹೇಳಿ, ಗೋಡೆಯಲ್ಲಿ ಬೇಕಾದ ಮನೆಗೆ ಅಂಟಿಸಿ. ವಿಷಯ ಗೊತ್ತಿರಬೇಕಂತಿಲ್ಲ, ಗೊತ್ತಿಲ್ಲದ್ದನ್ನು ಕೇಳಲಿಕ್ಕೂ ಚೀಟಿ ಹಾಕಬಹುದು." ಈ ಕೊನೆಯ ಮಾತನ್ನು ಎರಡು ಸಲ ಹೇಳಿ. ಇಲ್ಲದಿದ್ದರೆ ಚೀಟಿ ಹಾಕುವವರು ಪಂಡಿತರೇ.

ಆಮೇಲೆ ಒಂದು ಮೌನ ಬರುತ್ತದೆ. ಎಲ್ಲ ಚೀಟಿ ನೋಡುತ್ತಾರೆ, ಪೆನ್ನು ನೋಡುತ್ತಾರೆ, ಪಕ್ಕದವರ ಮುಖ ನೋಡುತ್ತಾರೆ. ನಡೆಸುವವರಿಗೆ ಇದು ಯುಗದ ಹಾಗೆ ಕಾಣುತ್ತದೆ. ಬಾಯಿ ಮುಚ್ಚಿ ನಿಲ್ಲಿ. ನೀವೇ ವಿಷಯ ಸೂಚಿಸಲು ಹೋದಿರೋ, ಮುಗಿಯಿತು, ಇಡೀ ದಿನ ನಿಮ್ಮ ಮುಖ ನೋಡುತ್ತಾ ಕೂರುತ್ತಾರೆ. ಒಬ್ಬರು ಎದ್ದರೆ ಸಾಕು, ಹಿಂದೆಯೇ ಸಾಲು ಬರುತ್ತದೆ. ನಮ್ಮಲ್ಲೊಮ್ಮೆ ಮೊದಲು ಎದ್ದದ್ದು ಡಿಗ್ರಿ ಓದುವ ಹುಡುಗಿ. "ದೋಟಿಯಲ್ಲಿ ಮದ್ದು ಬಿಡಲು ಹೆಂಗಸರಿಗೆ ಆಗುತ್ತದಾ?" ಅಂತ ಓದಿದಳು. ದೋಟಿ ಅಂದರೆ ಉದ್ದದ ಕೋಲು, ನೆಲದಲ್ಲೇ ನಿಂತು ಅಡಿಕೆ ಗೊನೆಗೆ ಮದ್ದು ಸಿಂಪಡಿಸಲಿಕ್ಕೆ. ಅಲ್ಲಿದ್ದ ಹಿರಿಯರೊಬ್ಬರು "ಅದೆಂಥದಕ್ಕೆ ಮಗಾ ನಿಂಗೆ?" ಅಂದರು. "ಮಾವ, ನಮ್ಮ ತೋಟಕ್ಕೆ ಜನ ಸಿಕ್ಕದೆ ಹೋದ ವರ್ಷ ಎರಡನೇ ಮದ್ದು ಬಿಟ್ಟೇ ಇಲ್ಲ" ಅಂದಳು. ಮಾತು ನಿಂತಿತು. ಅವಳ ಚೀಟಿಯ ಹೊತ್ತಿಗೆ ಮರದ ಬುಡದಲ್ಲಿ ಕೂರಲು ಜಾಗ ಸಾಲಲಿಲ್ಲ. ಕಾರ್ಬನ್ ಫೈಬರ್ ದೋಟಿಯ ಭಾರ, ಗೊನೆ ಎಷ್ಟು ಎತ್ತರದಲ್ಲಿದ್ದರೆ ಕುತ್ತಿಗೆ ನೋಯುತ್ತದೆ, ಇಬ್ಬರು ಸರದಿಯಲ್ಲಿ ಹಿಡಿದರೆ ಹೇಗೆ, ಎಲ್ಲ ಬಂತು. ಯಾವ ಸಂಕಿರಣದ ಪಟ್ಟಿಯಲ್ಲೂ ಈ ಪ್ರಶ್ನೆಗೆ ಜಾಗ ಸಿಗುತ್ತಿರಲಿಲ್ಲ.

ಒಂದೇ ವಿಷಯಕ್ಕೆ ಎರಡು ಚೀಟಿ ಬಂದರೆ ಇಬ್ಬರನ್ನೂ ಕೇಳಿ, ಒಪ್ಪಿದರೆ ಸೇರಿಸಿ. ಒಪ್ಪದಿದ್ದರೆ ಬೇರೆಯೇ ಇರಲಿ. ಅಡಿಕೆಯ ಕೊಳೆರೋಗದ ಬಗ್ಗೆ ಇಬ್ಬರು ಬರೆದಿರುತ್ತಾರೆ. ಅದರ ಮದ್ದಿಗೆ ಮೈಲುತುತ್ತು, ಸುಣ್ಣ ಎರಡೂ ಬೇಕು. ಒಬ್ಬನಿಗೆ ಮೈಲುತುತ್ತಿನ ಕ್ರಯದ ಚಿಂತೆ, ಇನ್ನೊಬ್ಬನಿಗೆ ಸುಣ್ಣ ಸರಿ ಬೆರೆಯುವುದಿಲ್ಲ ಅನ್ನುವುದು. ಸೇರಿಸಿದರೆ ಇಬ್ಬರಿಗೂ ಪ್ರಯೋಜನವಿಲ್ಲ.

ಓವೆನ್ ನಾಲ್ಕು ತತ್ವ ಹೇಳಿದ್ದಾರೆ. ಬಂದವರೇ ಸರಿಯಾದವರು. ಆದದ್ದೇ ಆಗಬೇಕಾದದ್ದು. ಶುರುವಾದಾಗಲೇ ಸರಿಯಾದ ಸಮಯ. ಮುಗಿದರೆ ಮುಗಿಯಿತು. ಓದಲು ಸ್ವಲ್ಪ ವೇದಾಂತದ ಹಾಗಿದೆ, ಆದರೆ ಕೆಲಸಕ್ಕೆ ಬರುತ್ತದೆ. ಎಂ.ಎಲ್.ಎ. ಬರಲಿಲ್ಲ ಅಂತ ಕಾಯಬೇಕಿಲ್ಲ. ಇಪ್ಪತ್ತು ನಿಮಿಷದಲ್ಲಿ ಮಾತು ಮುಗಿದರೆ ಉಳಿದ ಹೊತ್ತನ್ನು ತುಂಬಿಸಬೇಕಿಲ್ಲ. ಚೀಟಿ ಹಾಕಿದವನ ಹತ್ತಿರ ಇಬ್ಬರೇ ಬಂದರೆ ಅವಮಾನವಿಲ್ಲ, ಮೂವರೂ ಕೂತು ಮಾತಾಡಿ ಅಷ್ಟೆ. ನನಗೆ ಈಗಲೂ ನೆನಪಿರುವುದು ಅಂಥ ಸಣ್ಣದೊಂದು. ಚೀಟಿಯಲ್ಲಿ "ನಮ್ಮ ಸುರಂಗದಲ್ಲಿ ನೀರು ಕಡಿಮೆಯಾಗಿದೆ, ಸುತ್ತಲಿನ ಬೋರ್‌ವೆಲ್ ಕಾರಣವಾ?" ಅಂತಿತ್ತು. ಮುರಕಲ್ಲಿನ ಗುಡ್ಡಕ್ಕೆ ಅಡ್ಡ ತೋಡಿ ನೀರು ತರುವ ಸುರಂಗ ನಮ್ಮ ಪೆರ್ಲ, ಬಾಯಾರು ಕಡೆ ಎಷ್ಟೋ ಮನೆಗಳಲ್ಲಿದೆ. ಬಂದ ಇಬ್ಬರಲ್ಲಿ ಒಬ್ಬರು ಹಿಂದೆ ಸುರಂಗ ತೋಡುತ್ತಿದ್ದವರು. ಮೈಕ್ ಕೊಟ್ಟರೆ ಓಡಿಹೋಗುವ ಮನುಷ್ಯ. ಅಲ್ಲಿ ನೆಲದಲ್ಲಿ ಕೂತು ತುಳುವಿನಲ್ಲಿ ಹೇಳುತ್ತಾ ಹೋದರು: ಮಣ್ಣಿನ ಪಸೆ ನೋಡಿ ದಿಕ್ಕು ಬದಲಿಸುವುದು, ಒಳಗೆ ಮೊಂಬತ್ತಿ ನಂದಿದರೆ ಉಸಿರಾಡಲು ಗಾಳಿ ಇಲ್ಲ ಅಂತ ತಿಳಿದು ಹೊರಗೆ ಬರುವುದು, ಕುಸಿದ ಮಣ್ಣು ತೆಗೆಯದೆ ಬಿಟ್ಟರೆ ನೀರು ಒಳಗೇ ಇಂಗಿಹೋಗುವುದು. "ಬೋರ್‌ವೆಲ್ಲಿಗೆ ಬೈಯುವ ಮೊದಲು ಒಳಗೆ ಹೋಗಿ ನೋಡಿದ್ದೀರಾ?" ಅಂತ ಕೇಳಿದರು. ಚೀಟಿ ಹಾಕಿದವರು ನೋಡಿರಲಿಲ್ಲ.

ಇನ್ನು ಓವೆನ್ ಹೇಳಿದ ಒಂದೇ ಒಂದು ಕಾನೂನು: ಎರಡು ಕಾಲಿನದ್ದು. ನೀವು ಕೂತಲ್ಲಿ ಕಲಿಯುತ್ತಲೂ ಇಲ್ಲ, ಕಲಿಸುತ್ತಲೂ ಇಲ್ಲ ಅಂದರೆ ಎದ್ದು ಬೇರೆ ಕಡೆ ಹೋಗಿ. ನಮ್ಮಲ್ಲಿ ಎಲ್ಲಕ್ಕಿಂತ ಕಷ್ಟ ಇದೇ. ಮಾತಾಡುವವರ ಎದುರಿನಿಂದ ಏಳುವುದು ಮರ್ಯಾದೆ ಅಲ್ಲ ಅಂತ ಬೆಳೆದವರು ನಾವು. ಮಾಷ್ಟ್ರು ಮಾತಾಡುತ್ತಿದ್ದರೆ ಅವರ ಹಳೆ ವಿದ್ಯಾರ್ಥಿ ಏಳುವುದುಂಟಾ? ಬಾಯಲ್ಲಿ ಹೇಳಿದರೆ ಸಾಲದು. ಮೊದಲ ಅವಧಿಯಲ್ಲಿ ನಡೆಸುವವರೇ ಒಂದು ಗುಂಪಿನಿಂದ ಎದ್ದು, ಕೈಮುಗಿದು, ಇನ್ನೊಂದಕ್ಕೆ ಹೋಗಬೇಕು. ಮೊದಲೇ ಒಬ್ಬ ಹಿರಿಯರ ಹತ್ತಿರ ಮಾತಾಡಿಟ್ಟು ಅವರನ್ನೂ ಏಳಿಸಿದರೆ ಇನ್ನೂ ಒಳ್ಳೆಯದು. ಹಿರಿಯರು ಎದ್ದರೆ ಉಳಿದವರಿಗೆ ಧೈರ್ಯ. ಒಂದು ಗುಂಪಿನಿಂದ ಇನ್ನೊಂದಕ್ಕೆ ಸುತ್ತುತ್ತಾ ಮಾತು ಹೊತ್ತು ತರುವವರನ್ನು ಓವೆನ್ ದುಂಬಿ ಅಂದರು. ಎಲ್ಲಿಯೂ ಸೇರದೆ ಚಹಾದ ಹತ್ತಿರ ನಿಂತವರನ್ನು ಚಿಟ್ಟೆ ಅಂದರು. ಅವರನ್ನೂ ಗದರಿಸಬೇಡಿ. ಒಳ್ಳೆ ಮಾತು ಎಷ್ಟೋ ಸಲ ಚಹಾದ ಹತ್ತಿರವೇ ಹುಟ್ಟುತ್ತದೆ.

ದೊಡ್ಡ ಬಾಯಿಯವರನ್ನು ಏನು ಮಾಡುವುದು? ಎರಡು ಕಾಲಿನ ಕಾನೂನು ಸರಿಯಾಗಿ ನಡೆದರೆ ಅರ್ಧ ಸಮಸ್ಯೆ ತಾನಾಗಿ ಪರಿಹಾರ, ಎದುರಿಗೆ ಜನ ಇರುವುದಿಲ್ಲ. ಉಳಿದರ್ಧಕ್ಕೆ ಒಂದು ವಸ್ತು ಕೈಯಿಂದ ಕೈಗೆ ದಾಟಿಸಿ. ಅದು ಯಾರ ಕೈಯಲ್ಲಿದೆಯೋ ಅವರದ್ದು ಮಾತು. ನಾವು ಬರೇ ಒಂದು ಹಣ್ಣಡಿಕೆ ಇಟ್ಟುಕೊಳ್ಳುತ್ತೇವೆ. ಕೇಳಲು ತಮಾಷೆ, ಆದರೆ ಹೆಂಗಸರು ಜಾಸ್ತಿ ಮಾತಾಡುವುದನ್ನು ನಾನು ಕಂಡದ್ದು ಇದು ಶುರುವಾದ ಮೇಲೆ. "ಎಲ್ಲರಿಗೂ ಸ್ವಾತಂತ್ರ್ಯ ಇದೆ, ಮಾತಾಡಲಿ" ಅಂತ ಬಿಟ್ಟರೆ ಯಾರು ಮಾತಾಡುತ್ತಾರೆ ಅಂತ ನಿಮಗೂ ಗೊತ್ತು. ಈ ಬಗೆಯ ಕೂಟವನ್ನು ಹೊಗಳುವವರು ಇದನ್ನು ಹೇಳುವುದು ಕಡಿಮೆ.

ಭಾಷೆಯದ್ದೂ ಒಂದುಂಟು. ನಮ್ಮಲ್ಲಿ ಬಂದವರಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಇರುತ್ತದೆ. ಚೀಟಿಯ ಮೂಲೆಯಲ್ಲಿ ಚರ್ಚೆಯ ಭಾಷೆ ಬರೆಸಿ. ಗೋಡೆಗೆ ಅಂಟಿಸುವಾಗ ಚೀಟಿ ಕನ್ನಡದಲ್ಲಿದ್ದರೆ ಮಲಯಾಳದಲ್ಲೂ ಒಮ್ಮೆ ಗಟ್ಟಿಯಾಗಿ ಹೇಳಿ. ಅಷ್ಟರಲ್ಲಿ ಆಯಿತು, ಮತ್ತೆ ಅವರವರೇ ನೋಡಿಕೊಳ್ಳುತ್ತಾರೆ.

ತಜ್ಞರನ್ನು ಕರೆಯಬಾರದಾ ಅಂತ ನಿಮ್ಮವರು ಕೇಳಬಹುದು. ಕರೆಯಿರಿ. ಕಾಸರಗೋಡಿನ ಸಿಪಿಸಿಆರ್‌ಐಯಿಂದ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಒಬ್ಬ ವಿಜ್ಞಾನಿ ಬಂದರೆ ಬಲು ಒಳ್ಳೆಯದೇ. ಆದರೆ ಅವರೂ ವೃತ್ತದಲ್ಲಿ ಕೂರಲಿ, ಬೇಕಿದ್ದರೆ ಚೀಟಿ ಹಾಕಲಿ. ಹೀಗೆ ಅಂತ ಫೋನಿನಲ್ಲೇ ಹೇಳಿಬಿಡಿ. ಬಂದ ಮೇಲೆ ಹೇಳಿದರೆ ಬೇಸರ. ಸ್ವಾಗತ, ದೀಪ, ಶಾಲು, ವಂದನಾರ್ಪಣೆ ಪೂರಾ ಬಿಡಲು ಸಮಿತಿಯವರು ಒಪ್ಪದಿದ್ದರೆ ಜಗಳ ಬೇಡ, ದೀಪ ಹಚ್ಚಿ, ಒಂದು ಪ್ರಾರ್ಥನೆ ಹಾಡಿಸಿ, ಹತ್ತೇ ನಿಮಿಷದಲ್ಲಿ ಮುಗಿಸಿ. ಆದರೆ ಅಧ್ಯಕ್ಷ ಭಾಷಣ ಬೇಡವೇ ಬೇಡ. ಅದು ಆದರೆ ಜನ ಮತ್ತೆ ಕೇಳುಗರಾಗಿಬಿಡುತ್ತಾರೆ.

ಎಲ್ಲದಕ್ಕೂ ಇದು ಹೊಂದುವುದಿಲ್ಲ. ಸಬ್ಸಿಡಿ ಅರ್ಜಿ ತುಂಬುವುದು ಹೇಗೆ ಅಂತ ಎಲ್ಲರಿಗೂ ತಿಳಿಸಬೇಕಾದರೆ ಬಲ್ಲವರನ್ನು ಕರೆಸಿ ಅರ್ಧ ಗಂಟೆ ಹೇಳಿಸಿ, ಮುಗಿಯಿತು. ಮರ ಹತ್ತುವ ತರಬೇತಿಗೆ ಚೀಟಿ ಹಾಕುತ್ತಾ ಕೂರಲಾಗುವುದಿಲ್ಲ. ತೀರ್ಮಾನ ಮೊದಲೇ ಆಗಿದ್ದು, ಜನರ ಒಪ್ಪಿಗೆಯ ಮುದ್ರೆ ಮಾತ್ರ ಬೇಕಿದ್ದರೆ ದಯವಿಟ್ಟು ಮಾಡಬೇಡಿ, ಜನಕ್ಕೆ ಬೇಗ ಗೊತ್ತಾಗುತ್ತದೆ. ಓವೆನ್ ಪ್ರಕಾರ ಇದು ಚೆನ್ನಾಗಿ ನಡೆಯುವುದು ವಿಷಯ ಗೋಜಲಾಗಿದ್ದಾಗ, ಜನ ಬೇರೆ ಬೇರೆ ಥರದವರಾಗಿದ್ದಾಗ, ಭಿನ್ನಾಭಿಪ್ರಾಯ ಇದ್ದಾಗ, ಉತ್ತರ ನಿನ್ನೆಯೇ ಬೇಕಾಗಿದ್ದಾಗ. ತೋಟದ ಕೆಲಸಕ್ಕೆ ಜನ ಸಿಗದಿರುವುದು, ಕನ್ನಡ ಶಾಲೆಗಳಿಗೆ ಮಕ್ಕಳು ಬಾರದಿರುವುದು, ಇವು ಅಂಥವೇ ಅಲ್ವಾ?

ಪ್ರತಿ ಗುಂಪಿನಲ್ಲೂ ಒಬ್ಬರು ಒಂದು ಪುಟ ಬರೆಯಬೇಕು: ಏನು ಮಾತಾಯಿತು, ಯಾರು ಏನು ಮಾಡಲು ಒಪ್ಪಿದರು. ಕಾಲೇಜಿನ ಮಕ್ಕಳಿಗೆ ಈ ಕೆಲಸ ಕೊಡಿ. ಸಂಜೆ ಗೋಡೆಗೆ ಅಂಟಿಸಿ, ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿ. ಯಾರು ಹೇಳಿದರು ಅನ್ನುವುದು ಹೊರಗೆ ಹೋಗಬಾರದು ಅಂತ ಯಾರಾದರೂ ಕೇಳಿದರೆ ಹೆಸರು ಬಿಡಿ. ಸಾಲದ ವಿಷಯ ಬಂದಾಗ ಹೀಗಾಗುತ್ತದೆ. ಕೊನೆಗೆ ಮತ್ತೆ ಎಲ್ಲರೂ ವೃತ್ತದಲ್ಲಿ ಕೂತು ಒಬ್ಬೊಬ್ಬರು ಒಂದೊಂದು ವಾಕ್ಯ.

ಖರ್ಚು ಅಂದರೆ ಊಟ, ಚಹಾ, ಕಾಗದ, ಗಮ್ ಟೇಪ್. ಊಟ ಮಾತ್ರ ಅಲ್ಲಿಯೇ ಇರಲಿ, ಮನೆಗೆ ಹೋದವರು ಮಧ್ಯಾಹ್ನದ ಮೇಲೆ ತಿರುಗಿ ಬರುವುದಿಲ್ಲ. ದಿನ ಗೊತ್ತುಮಾಡುವಾಗ ಅಡಿಕೆ ಕೊಯ್ಲು ಜೋರಾಗಿರುವ ಹೊತ್ತು, ಮದುವೆ, ಜಾತ್ರೆ, ಕೋಲಗಳ ಹೊತ್ತು ಬಿಡಿ. ಮಳೆ ಬಿಟ್ಟು ಕೊಯ್ಲು ಏರುವ ಮೊದಲಿನ ಒಂದು ಭಾನುವಾರ ಸಿಕ್ಕಿದರೆ ಚೆನ್ನ. ಮರದ ಬುಡದಲ್ಲಿ ಕೂರಲಿಕ್ಕೂ ಆಗ ನೆಲ ಒಣಗಿರುತ್ತದೆ.