ಒರತೆಯ ಬಳಿ ಕುರಿ ಎಣಿಕೆ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಆನ್ಜಾ-ಬೊರೆಗೊ ಮರುಭೂಮಿಯಲ್ಲಿ ಬೆಟ್ಟಗಳಲ್ಲಿ ಬದುಕುವ ದೊಡ್ಡ ಕೊಂಬಿನ ಬಿಗ್‌ಹಾರ್ನ್ ಕುರಿಗಳನ್ನು ಎಣಿಸಲು ಸ್ವಯಂಸೇವಕರು ಜುಲೈನಲ್ಲೇ ಹೋಗುತ್ತಾರಂತೆ. ಆ ಬಿಸಿಲಲ್ಲೇ ಯಾಕೆ?

ಉತ್ತರ: ಬಿಸಿಲಿದೆ ಅಂತಲೇ. ಉಳಿದ ಕಾಲದಲ್ಲಿ ಇವು ಹಸಿ ಮೇವಿನಲ್ಲೇ ಬಹುಪಾಲು ನೀರು ಪಡೆದು ಬೆಟ್ಟದ ತುಂಬ ಚದುರಿರುತ್ತವೆ. ಕಡುಬೇಸಿಗೆಯಲ್ಲಿ ಕೆಲವು ದಿನಕ್ಕೊಮ್ಮೆಯಾದರೂ ಒರತೆಗೆ ಇಳಿಯಲೇಬೇಕು. ಅದಕ್ಕೇ 1971ರಲ್ಲಿ ಶುರುವಾದ ಈ ಎಣಿಕೆ ಜುಲೈ 4ರ ಆಸುಪಾಸಿನಲ್ಲಿ, ಮೂರು ದಿನ, ಒರತೆಗಳ ಎದುರು ಕೂತು ನಡೆಯುತ್ತದೆ. (ಇವನ್ನು ‘ಕಾಡುಕುರಿ’ ಎನ್ನದಿರುವುದು ಒಳ್ಳೆಯದು, ನಮ್ಮಲ್ಲಿ ಅದು ಬೊಗಳುವ ಜಿಂಕೆಯ ಹೆಸರು.)

ಪ್ರಶ್ನೆ: ನಮ್ಮ ಮನೆಯವರು ಹೋಗಬೇಕೆಂದಿದ್ದಾರೆ. ಏನೇನು ಒಯ್ಯಬೇಕು?

ಉತ್ತರ: ಒಬ್ಬೊಬ್ಬರಿಗೆ ದಿನಕ್ಕೆ 6ರಿಂದ 8 ಲೀಟರ್ ನೀರು, ಉಪ್ಪಿನಂಶದ ತಿನಿಸು, ನೆರಳಿಗೆ ಬಟ್ಟೆ, 8 ಅಥವಾ 10 ಪಟ್ಟಿನ ದುರ್ಬೀನು. ತಾಪ 45 ಡಿಗ್ರಿ ದಾಟಬಹುದು, ಒಬ್ಬರೇ ಹೋಗಬಾರದು. ಬೆಳಕು ಹರಿಯುವ ಮೊದಲೇ ಜಾಗ ಹಿಡಿಯಿರಿ. ನೀರಿಗೆ ತೀರ ಹತ್ತಿರ ಕೂತರೆ ಕುರಿಗಳು ಮೇಲೆ ಬಂಡೆಯಲ್ಲೇ ನಿಂತು, ಬಾಯಾರಿಕೆಯಲ್ಲೇ ಹಿಂದಿರುಗುತ್ತವೆ. ಆಗ ಎಣಿಕೆಯೂ ಕೆಟ್ಟಿತು, ಕುರಿಗೂ ತೊಂದರೆ.

ಪ್ರಶ್ನೆ: ಹೆಚ್ಚಾಗಿ ಆಗುವ ತಪ್ಪು ಯಾವುದು?

ಉತ್ತರ: ಎಳೆ ಟಗರನ್ನು ಹೆಣ್ಣು ಕುರಿ ಎಂದು ಬರೆಯುವುದು. ಬಲಿತ ಟಗರಿನ ಕೊಂಬು ಸುರುಳಿ ಸುತ್ತಿರುತ್ತದೆ, ಅಲ್ಲಿ ಗೊಂದಲವಿಲ್ಲ. ಒಂದು ವರ್ಷದ ಟಗರಿನ ಕೊಂಬು ಮಾತ್ರ ಹೆಣ್ಣಿನ ಕೊಂಬಿನಷ್ಟೇ ಉದ್ದ. ಬುಡ ನೋಡಿ: ಟಗರಿನದು ದಪ್ಪ, ಎರಡೂ ಕೊಂಬು ಹೊರಕ್ಕೆ ಚಾಚಿರುತ್ತವೆ, ಹೆಣ್ಣಿನದು ಸಣ್ಣ ಬುಡ, ಹಿಂದಕ್ಕೆ ಬಾಗಿದ್ದು. ತಿರುಗಿ ನಿಂತಾಗ ವೃಷಣ ಕಂಡರೆ ಸಂಶಯವೇ ಇಲ್ಲ.

ಇದು ಸಣ್ಣ ತಪ್ಪಲ್ಲ. ಜೀವಶಾಸ್ತ್ರಜ್ಞರು ಮುಖ್ಯವಾಗಿ ನೋಡುವುದು ನೂರು ಹೆಣ್ಣಿಗೆ ಎಷ್ಟು ಮರಿ ಎಂಬುದನ್ನು. 20 ಹೆಣ್ಣು, 8 ಮರಿ ಇದ್ದರೆ ನೂರಕ್ಕೆ 40. ಐದು ಎಳೆ ಟಗರು ಹೆಣ್ಣಿನ ಲೆಕ್ಕಕ್ಕೆ ಸೇರಿದವೆಂದರೆ ಅದು 32ಕ್ಕೆ ಇಳಿಯಿತು. ಮರಿಗಳು ನ್ಯುಮೋನಿಯಾದಿಂದಲೋ ಬೆಟ್ಟದ ಸಿಂಹದಿಂದಲೋ (ಪೂಮಾ ಎಂಬ ದೊಡ್ಡ ಕಾಡುಬೆಕ್ಕು) ಸಾಯುತ್ತಿವೆ ಎಂಬ ಸುಳ್ಳು ಆತಂಕ ಹುಟ್ಟುತ್ತದೆ. 1998ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿದ ಕುರಿಗಳಿವು. ಗೊತ್ತಾಗದಿದ್ದರೆ ಊಹಿಸಬೇಡಿ, ‘ಗುರುತು ಸಿಗಲಿಲ್ಲ’ ಎಂದೇ ಬರೆಯಿರಿ.

ಪ್ರಶ್ನೆ: ಒಂದೇ ಹಿಂಡು ನಾಳೆಯೂ ಬಂದರೆ?

ಉತ್ತರ: ಬರುತ್ತದೆ. ಅದಕ್ಕಾಗಿಯೇ ಪ್ರತಿ ಹಿಂಡಿಗೂ ಹೊತ್ತು, ಟಗರು-ಹೆಣ್ಣು-ಮರಿಗಳ ಸಂಖ್ಯೆ, ಬಂದ ದಿಕ್ಕು, ಹೋದ ದಿಕ್ಕು, ಕಿವಿಯ ಬಿಲ್ಲೆ ಅಥವಾ ಕೊರಳ ಪಟ್ಟಿಯ ಬಣ್ಣ ಬರೆಯಬೇಕು. ಮೂರು ದಿನದ್ದನ್ನು ನೀವೇ ಕೂಡಿಸಬೇಡಿ. ಎಲ್ಲ ಒರತೆಗಳ ಹಾಳೆಗಳನ್ನು ಎದುರುಬದುರು ಇಟ್ಟು ನೋಡಿದ ಮೇಲಷ್ಟೇ ಮರುಎಣಿಕೆ ಕಳೆಯಲು ಸಾಧ್ಯ.

ಪ್ರಶ್ನೆ: ಒಂದೂ ಬರದಿದ್ದರೆ?

ಉತ್ತರ: 0 ಎಂದು ಬರೆದು, ಎಷ್ಟು ಗಂಟೆಯಿಂದ ಎಷ್ಟರವರೆಗೆ ಕೂತಿದ್ದಿರೆಂದು ನಮೂದಿಸಿ. ಖಾಲಿ ಬಿಟ್ಟರೆ ಕುರಿ ಬರಲಿಲ್ಲವೋ, ಕಾಯುವವರೇ ಇರಲಿಲ್ಲವೋ ತಿಳಿಯುವುದಿಲ್ಲ.