ಅಡಿಕೆ ಕದ್ದ ಸುದ್ದಿ ಚಾ ಅಂಗಡಿಗೆ ಹೇಗೆ ಮುಟ್ಟಿತು?

ಪ್ರಶ್ನೆ: ಅಕ್ಕಾ, ನಾನು ಡಿಪ್ಲೊಮಾ ಓದುತ್ತಿದ್ದೇನೆ. ಗೆಳೆಯರೆಲ್ಲ ಸೇರಿ ನಮ್ಮ ಊರಿನದೇ ಒಂದು ಗೇಮ್ ಮಾಡುತ್ತಿದ್ದೇವೆ. ಬಸ್‌ಸ್ಟ್ಯಾಂಡು, ಚಾ ಅಂಗಡಿ, ಅಡಿಕೆ ತೋಟ, ಹತ್ತು-ಹನ್ನೆರಡು ಜನ. ಒಬ್ಬೊಬ್ಬರಿಗೂ ಬೇಕಾದಷ್ಟು ಡೈಲಾಗ್ ಬರೆದಿದ್ದೇವೆ. ಆದರೂ ಆಡಿದವರು "ಎಲ್ಲರೂ ಬೊಂಬೆಗಳ ಹಾಗಿದ್ದಾರೆ" ಅಂತಾರೆ. ಆಡುವವನು ಹಾಡಹಗಲೇ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕದ್ದು ಬಂದರೂ ಚಾ ಅಂಗಡಿಯ ನಾರಾಯಣಣ್ಣ ನಗುತ್ತಾ ಕರೆದು ಕೂರಿಸುತ್ತಾರೆ. ಚಾಟ್‌ಜಿಪಿಟಿ ತರಹದ್ದು ಏನಾದರೂ ಜೋಡಿಸಿದರೆ ಸರಿಯಾಗ್ತದಾ?
– ಒಬ್ಬ ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಗೇಮ್‌ಗಳಲ್ಲಿ ಹುಳುಕು ಹುಡುಕುವುದೇ ನನ್ನ ಕೆಲಸ. ಹೊಸ ಗೇಮ್ ಕೈಗೆ ಬಂತೆಂದರೆ ನಾನು ಮೊದಲು ಮಾಡುವುದೇ ಕಳ್ಳತನ! ಕದ್ದ ಮೇಲೆ ಊರಿನವರು ನನ್ನನ್ನು ಹೇಗೆ ನೋಡುತ್ತಾರೆ ಎಂಬುದರಲ್ಲೇ ಆ ಗೇಮ್‌ನ ಯೋಗ್ಯತೆ ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ನಾರಾಯಣಣ್ಣನ ವಿಷಯ ನನಗೆ ಚೆನ್ನಾಗಿ ಅರ್ಥವಾಯಿತು.

ಡೈಲಾಗ್ ಬರೆಯುವುದನ್ನು ಸದ್ಯ ನಿಲ್ಲಿಸಿ. ನಿಮ್ಮ ಊರಿನಲ್ಲಿ ಕಡಿಮೆಯಾಗಿರುವುದು ಮಾತಲ್ಲ, ಸುದ್ದಿ. ಯಾರಿಗೆ ಏನು ಗೊತ್ತು, ಯಾರಿಂದ ಗೊತ್ತಾಯಿತು, ಅವರಿಗೆ ಅದರ ಮೇಲೆ ಎಷ್ಟು ನಂಬಿಕೆ? ಒಬ್ಬೊಬ್ಬ ಪಾತ್ರಕ್ಕೂ ಇಷ್ಟನ್ನು ಒಂದು ಪಟ್ಟಿ ಮಾಡಿ ಇಡಿ.

ಅಡಿಕೆ ಕದ್ದದ್ದನ್ನು ರಿಕ್ಷಾದ ಅದ್ದುಚ್ಚ ಮಾತ್ರ ನೋಡಿದರು ಅಂತ ಇಟ್ಟುಕೊಳ್ಳಿ. ಅವರ ಪಟ್ಟಿಯಲ್ಲಿ "ಕಣ್ಣಾರೆ ಕಂಡದ್ದು" ಎಂದು ಬರೆಯಿರಿ. ಸಂಜೆ ಅವರು ಚಾ ಕುಡಿಯಲು ಬಂದಾಗ ಆ ಸುದ್ದಿ ನಾರಾಯಣಣ್ಣನ ಪಟ್ಟಿಗೆ ಹೋಗಲಿ, ಆದರೆ "ಕೇಳಿದ್ದು" ಎಂದು. ಇಬ್ಬರ ನಡುವೆ ಹಳೇ ಬಾಕಿಯ ತಕರಾರು ಇದ್ದರೆ ನಾರಾಯಣಣ್ಣ ಅರ್ಧ ಮಾತ್ರ ನಂಬಲಿ. ಸುದ್ದಿ ಮೂರನೆಯವರಿಗೆ ಮುಟ್ಟುವಾಗ ಕದ್ದವನ ಹೆಸರೇ ಬದಲಾಗಿ ಹೋದರೆ ಇನ್ನೂ ಚೆನ್ನ. ನಮ್ಮಲ್ಲಿ ಆಗುವುದೂ ಹಾಗೇ ಅಲ್ವಾ? ಇದು ನನ್ನ ತಲೆಯಿಂದ ಬಂದದ್ದಲ್ಲ. ಅಮೆರಿಕದ ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಯಾನ್ ಮತ್ತು ಜೊತೆಯವರು 'ಟಾಕ್ ಆಫ್ ದಿ ಟೌನ್' ಅಂತ ಒಂದು ಊರನ್ನೇ ಕಂಪ್ಯೂಟರಿನಲ್ಲಿ ಕಟ್ಟಿದ್ದರು. ಅಲ್ಲಿನ ಜನ ನೋಡುತ್ತಾರೆ, ಹೇಳುತ್ತಾರೆ, ಸುಳ್ಳು ಹೇಳುತ್ತಾರೆ, ಮರೆಯುತ್ತಾರೆ, ತಪ್ಪಾಗಿಯೂ ನೆನಪಿಟ್ಟುಕೊಳ್ಳುತ್ತಾರೆ.

ಎರಡನೆಯದು ಸಂಬಂಧ. ಅದೇ ವಿಶ್ವವಿದ್ಯಾಲಯದಿಂದ 2012ರಲ್ಲಿ ಬಂದ 'ಪ್ರಾಮ್ ವೀಕ್' ಎಂಬ ಗೇಮ್ ನೋಡಿ. ಹೈಸ್ಕೂಲು ಮಕ್ಕಳ ದೋಸ್ತಿ, ಜಗಳ, ಪ್ರೀತಿ, ಅಷ್ಟೇ ಕಥೆ. ಒಬ್ಬ ಇನ್ನೊಬ್ಬನ ಹತ್ತಿರ ಏನೋ ಕೇಳಿದಾಗ 'ಹೂಂ' ಅನ್ನಬೇಕಾ 'ಊಹೂಂ' ಅನ್ನಬೇಕಾ ಎಂದು ಸಾವಿರಾರು ಸಣ್ಣ ನಿಯಮಗಳು ಸೇರಿ ತೀರ್ಮಾನಿಸುತ್ತವೆ. ಹಿಂದೆ ಏನಾಗಿತ್ತು, ಮೂರನೆಯವರ ಜೊತೆ ಹೇಗಿದ್ದಾನೆ, ಎಲ್ಲ ಲೆಕ್ಕಕ್ಕೆ ಬರುತ್ತದೆ. ನಿಮಗೆ ಸಾವಿರ ಬೇಡ. ಮೂವತ್ತು ನಿಯಮ ಸಾಕು, ಆದರೆ ಅವು ಕಾಸರಗೋಡಿನವೇ ಆಗಿರಲಿ.

ಎಂಥವು ಅಂತ ಕೇಳ್ತೀರಾ? ನಮ್ಮ ಚಾ ಅಂಗಡಿಯಲ್ಲಿ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಅಂಗಡಿಯವರು ಒಂದೇ ಉಸಿರಿನಲ್ಲಿ ಒಬ್ಬರ ಹತ್ತಿರ ತುಳು, ಇನ್ನೊಬ್ಬರ ಹತ್ತಿರ ಮಲಯಾಳ, ಶಾಲೆಯ ಮಾಸ್ಟ್ರು ಬಂದರೆ ಕನ್ನಡ. ಯಾರ ಹತ್ತಿರ ಯಾವ ಭಾಷೆ ಎಂಬುದು ಇಲ್ಲಿ ಸಲಿಗೆಯ ಲೆಕ್ಕ. ದಿನಾ ತುಳುವಿನಲ್ಲಿ ತಮಾಷೆ ಮಾಡುತ್ತಿದ್ದ ನಾರಾಯಣಣ್ಣ, ಅಡಿಕೆಯ ಸುದ್ದಿ ಕೇಳಿದ ಮರುದಿನ, ಮುಖ ನೋಡದೆ ಶುದ್ಧ ಕನ್ನಡದಲ್ಲಿ "ಏನು ಬೇಕಿತ್ತು?" ಅಂದರೆ? ಚಾ ಬರುತ್ತದೆ, ಆದರೆ ಗ್ಲಾಸು ಮೇಜಿನ ಆಚೆ ತುದಿಯಲ್ಲಿ. ಕೂತಿದ್ದ ಇಬ್ಬರು ಮಾತು ನಿಲ್ಲಿಸುತ್ತಾರೆ. ಆಡುವವನ ಎದೆ ಧಸಕ್ ಅನ್ನುತ್ತದೆ. ಇದಕ್ಕೆ ನೀವು ಬರೆಯಬೇಕಾದದ್ದು ಎರಡೇ ಶಬ್ದದ ಡೈಲಾಗು.

ಒಂದು ಮಾತು ನೆನಪಿರಲಿ. ಕೋಡಿನ ಒಳಗೆ ಎಷ್ಟೇ ಸಿಟ್ಟು ತುಂಬಿದರೂ ಅದು ಹೊರಗೆ ಕಾಣದಿದ್ದರೆ ದಂಡ. 2005ರ 'ಫಿಯರ್' ಎಂಬ ಶೂಟಿಂಗ್ ಗೇಮ್‌ನಲ್ಲಿ ಸೈನಿಕರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾ ಓಡಾಡುತ್ತಾರೆ. ಆ ಕೂಗಿನಿಂದಲೇ ಆಡುವವರಿಗೆ "ಅಬ್ಬಾ, ಎಷ್ಟು ಬುದ್ಧಿವಂತರು!" ಅನ್ನಿಸುತ್ತದೆ. ನಿಮ್ಮ ಗೇಮ್‌ನಲ್ಲೂ ಬಸ್ಸು ಕಾಯುವ ಅಕ್ಕನ ಬಾಯಲ್ಲಿ "ಅದ್ದುಚ್ಚ ಏನೋ ಹೇಳ್ತಿದ್ರಲ್ಲ ನಿನ್ನ ವಿಷಯ" ಅಂತ ಒಂದು ಮಾತು ಬರಲಿ. ಸುದ್ದಿ ಯಾವ ದಾರಿಯಲ್ಲಿ ಹೋಯಿತು ಎಂದು ಆಡುವವನಿಗೇ ಹೊಳೆಯುತ್ತದೆ.

ಇನ್ನು ಚಾಟ್‌ಜಿಪಿಟಿ. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್‌ನ ಸಂಶೋಧಕರು 25 ಪಾತ್ರಗಳ ಒಂದು ಪುಟ್ಟ ಊರನ್ನು ಇದೇ ತಂತ್ರದಿಂದ ನಡೆಸಿದರು. ಒಬ್ಬಳಿಗೆ ವ್ಯಾಲೆಂಟೈನ್ಸ್ ದಿನದ ಪಾರ್ಟಿ ಮಾಡುವ ಆಸೆ ಇದೆ ಎಂದು ಮಾತ್ರ ಹೇಳಿದ್ದರು. ಅವಳು 12 ಜನರನ್ನು ಕರೆದಳು, 5 ಜನ ಬಂದರು. ನಿಜಕ್ಕೂ ಸೊಗಸು. ಆದರೆ ಆ ಊರಿನ ಎರಡು ದಿನ ನಡೆಸಲು ಸಾವಿರಾರು ಡಾಲರ್ ಖರ್ಚಾಯಿತು. ನಿಮ್ಮ ಹತ್ತಿರ ಉಂಟಾ ಅಷ್ಟು ದುಡ್ಡು? ಸಾಲದ್ದಕ್ಕೆ ಪಾತ್ರಗಳು ಅತಿ ವಿನಯವಂತರಾದವು. ಹೆಂಡತಿ ಮನೆಯಲ್ಲಿ ಗಂಡನನ್ನೂ ಆಫೀಸಿನವರ ಹಾಗೆ ಮಾತಾಡಿಸಿದಳು. ಮೊದಲು ಸುದ್ದಿಯ ಪಟ್ಟಿ, ಸಂಬಂಧದ ಪಟ್ಟಿ ಗಟ್ಟಿ ಮಾಡಿಕೊಳ್ಳಿ. ಅದು ಸರಿಯಾದ ಮೇಲೂ ದುಡ್ಡು ಮಿಕ್ಕಿದರೆ ನೋಡುವ.

ಪ್ರಶ್ನೆ: ನನಗೆ ಗೇಮ್ ಗೊತ್ತಿಲ್ಲ, ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಹುಚ್ಚು ಜಾಸ್ತಿ. ಎದುರಿನವರ ಮಾತಿಗೆ ಸರಿಯಾಗಿ ಅರ್ಥ ಹೇಳುವ ಕಂಪ್ಯೂಟರು ಬರಬಹುದಾ?
– ನಿವೃತ್ತ ಅಧ್ಯಾಪಕರು, ಕುಂಬಳೆ

ಉತ್ತರ: ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರು ಕೇಳಬೇಕಾದ ಪ್ರಶ್ನೆಯೇ, ಮಾಸ್ಟ್ರೇ. ಇದಕ್ಕೆ ಹತ್ತಿರದ್ದೊಂದು 2005ರಲ್ಲೇ ಬಂದಿದೆ. ಮೈಕೆಲ್ ಮಟೇಯಸ್ ಮತ್ತು ಆಂಡ್ರ್ಯೂ ಸ್ಟರ್ನ್ ಮಾಡಿದ 'ಫಸಾಡ್' ಎಂಬ ಗೇಮ್. ಗೆಳೆಯರಾದ ಗಂಡ-ಹೆಂಡತಿಯ ಮನೆಗೆ ನೀವು ಹೋಗುತ್ತೀರಿ. ಅವರಿಗೆ ಜಗಳ ಹತ್ತಿಕೊಳ್ಳುತ್ತದೆ. ನೀವು ಏನು ಬೇಕಾದರೂ ಟೈಪ್ ಮಾಡಿ ಮಾತಾಡಬಹುದು. ಕಥೆಯ ತುಣುಕುಗಳನ್ನು ಮೊದಲೇ ಬರೆದಿಟ್ಟಿದ್ದಾರೆ. ಯಾವುದು ಯಾವಾಗ ಬರಬೇಕು ಎಂದು ಪ್ರೋಗ್ರಾಂ ನಿಮ್ಮ ಮಾತು ನೋಡಿ ಆರಿಸುತ್ತದೆ. ಭಾಗವತರು ಪದ್ಯ ಎತ್ತುವ ಹೊತ್ತು ನೋಡಿಕೊಂಡು ಎತ್ತುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆ. ನಿಮ್ಮ ಮಾತನ್ನು ಅದು ತಪ್ಪು ತಿಳಿಯುವುದೂ ಉಂಟು, ಆಗ ಬರುವ ಉತ್ತರ ಕೇಳಿದರೆ ನಗು ತಡೆಯಲಾಗುವುದಿಲ್ಲ.

ಈಗಿನ ಕಂಪ್ಯೂಟರಿಗೆ ಮಾತಿನ ಬರ ಇಲ್ಲ. ಪುರಾಣವೂ ತಕ್ಕಮಟ್ಟಿಗೆ ಬರುತ್ತದೆ. ಅದರ ತೊಂದರೆ ಬೇರೆ, ಅದಕ್ಕೆ ಹಟ ಇಲ್ಲ. ಕೃಷ್ಣ ಬಂದು ಜನ್ಮರಹಸ್ಯ ಹೇಳಿದ ಕೂಡಲೇ ಕರ್ಣ "ನೀವು ಹೇಳಿದ್ದು ತುಂಬಾ ಸರಿ" ಎಂದು ಪಾಂಡವರ ಕಡೆ ಹೊರಟುಬಿಟ್ಟರೆ, ಉಳಿದ ಪದ್ಯಗಳನ್ನು ಭಾಗವತರು ಯಾರಿಗೆ ಹಾಡುವುದು?