ಮಗನ ಪ್ಲೇ ಥೆರಪಿಗೆ ಮೊದಲು ಶಾಲೆಗೆ ಹೋಗಿ, ಪರ್ಸ್ ಆಮೇಲೆ ತೆಗೀರಿ

ನಿಮ್ಮ ಮೆಸೇಜ್ ನೋಡಿದೆ ಮಾರಾಯ್ರೆ, ಲೇಟಾಯ್ತು. ರಜೆಗೆ ಉಡುಪಿಗೆ ಬಂದಿದ್ದೇನೆ, ಮಳೆಗೆ ಕರೆಂಟ್ ಹೋಗಿದೆ, ಅಮ್ಮ ಒಳಗೆ ಗೋಳಿಬಜೆ ಕರೀತಿದ್ದಾರೆ, ನಾನು ಜಗಲಿಯಲ್ಲಿ ಕೂತು ಟೈಪ್ ಮಾಡ್ತಿದ್ದೇನೆ. ಮಂಗಳೂರಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಐದು ತಿಂಗಳು, ಆರು ವರ್ಷದ ಮಗ ಮನೇಲಿ ಪಟಪಟ ಮಾತಾಡ್ತಾನೆ ಶಾಲೇಲಿ ಬಾಯೇ ಬಿಡೂದಿಲ್ಲ, ಟೀಚರ್ ಪ್ಲೇ ಥೆರಪಿ (ಆಟದ ಮೂಲಕ ಮಗುವಿನ ಮನಸ್ಸಿಗೆ ಕೊಡುವ ಚಿಕಿತ್ಸೆ) ಮಾಡಿಸಿ ಅಂದ್ರು, ಎಷ್ಟಾಗ್ತದೆ, ಸಹಾಯ ಕೇಳಿದ್ರೆ ವೀಸಾಕ್ಕೆ ತೊಂದರೆ ಉಂಟಾ ಅಂತ ಅಲ್ವಾ ನೀವು ಕೇಳಿದ್ದು?

ವೀಸಾದ ಹೆದರಿಕೆ ಮೊದಲು ಬಿಡಿ. ವೀಸಾದಲ್ಲಿ ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್ ಅಂತ ಷರತ್ತು ಇರೂದು ಬೆನಿಫಿಟ್‌ಗಳಿಗೆ, ಅಂದ್ರೆ ಸರಕಾರ ಕೊಡುವ ಭತ್ಯೆಗಳಿಗೆ. ಚೈಲ್ಡ್ ಬೆನಿಫಿಟ್, ಮಕ್ಕಳ ಡಿಎಲ್‌ಎ (ಅಂಗವೈಕಲ್ಯ ಭತ್ಯೆ), ಕಡಿಮೆ ಆದಾಯದವರ ಯೂನಿವರ್ಸಲ್ ಕ್ರೆಡಿಟ್ ಇಂಥದ್ದಕ್ಕೆ ಅರ್ಜಿ ಹಾಕ್ಲಿಕ್ಕೆ ಹೋಗ್ಬೇಡಿ. ಶಾಲೆಯವರು ಕೊಡುವ ಸಹಾಯ, ಅಲ್ಲಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇದ್ಯಾವುದೂ ಆ ಲೆಕ್ಕಕ್ಕೆ ಬರೂದಿಲ್ಲ. ಬೇರೆ ವೀಸಾದವರು ಮಗುವಿಗೆ ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್ಚಾರ್ಜ್ ಕಟ್ಟಿಯೇ ಬರ್ತಾರೆ, ನೀವು ನರ್ಸ್, ಹೆಲ್ತ್ ಆಂಡ್ ಕೇರ್ ವೀಸಾ ಆದ್ರೆ ಅದೂ ಇಲ್ಲ. ಮತ್ತೆಂಥ ಸಂಕೋಚ?

ನಾಳೆಯೇ ಶಾಲೆಯ ಸೆನ್ಕೋಗೆ ಈಮೇಲ್ ಹಾಕಿ, ವಿಶೇಷ ಅಗತ್ಯ ಇರುವ ಮಕ್ಕಳನ್ನು ನೋಡಿಕೊಳ್ಳುವ ಟೀಚರ್ ಅವರು. ಕೆಲವು ಶಾಲೆಗೆ ವಾರಕ್ಕೊಮ್ಮೆ ಥೆರಪಿಸ್ಟ್ ಬರ್ತಾರೆ, ಟ್ರೈನಿಂಗ್‌ನಲ್ಲಿ ಇರುವವರೂ ಬರ್ತಾರೆ, ದುಡ್ಡು ಶಾಲೆಯದ್ದು. ಅದರ ಜೊತೆಗೇ ಸ್ಪೀಚ್ ಥೆರಪಿಸ್ಟ್ ಹತ್ರ ಒಮ್ಮೆ ತೋರಿಸ್ಲಿಕ್ಕೂ ಹೇಳಿ, ಯಾಕಂದ್ರೆ ಹೊಸ ಭಾಷೆಗೆ ಬಿದ್ದ ಮಕ್ಕಳು ಕೆಲವು ತಿಂಗಳು ಸುಮ್ಮನಿರೂದು ಮಾಮೂಲು, ಸೆಲೆಕ್ಟಿವ್ ಮ್ಯೂಟಿಸಂ, ಅಂದ್ರೆ ಆತಂಕಕ್ಕೆ ಕೆಲವು ಕಡೆ ಮಾತೇ ಹೊರಡದಿರೂದು, ಅದು ಬೇರೆಯೇ, ಯಾವುದು ಅಂತ ನಾನು ನೀವು ಹೇಳುವ ವಿಷಯ ಅಲ್ಲ. ಮನೇಲಿ ಇಂಗ್ಲಿಷೇ ಮಾತಾಡಿ ಅಂತ ಯಾರಾದ್ರೂ ಬುದ್ಧಿ ಹೇಳಿದ್ರೆ ಕೇಳ್ಬೇಡಿ, ತುಳುವೋ ಕನ್ನಡವೋ ಹಾಗೇ ಇರ್ಲಿ. ಇಎಚ್‌ಸಿ ಪ್ಲಾನ್ ಅಂತ ಒಂದುಂಟು, ಜಾಸ್ತಿ ಸಹಾಯ ಬೇಕಾದ ಮಕ್ಕಳಿಗೆ ಏನೇನು ಕೊಡ್ಬೇಕು ಅಂತ ಬರೆದಿಡುವ ಕಾನೂನಿನ ದಾಖಲೆ, ಊರಿನ ಕೌನ್ಸಿಲ್ ಅದನ್ನು 20 ವಾರದಲ್ಲಿ ಮುಗಿಸ್ಬೇಕು ಅಂತ ಕಾನೂನು, ನಿಮಗೆ ಈಗಲೇ ಅದರ ತಲೆಬಿಸಿ ಬೇಡ.

ಪ್ರೈವೇಟ್ ಆದ್ರೆ, ನಾವು ಮಗಳಿಗೆ ಸೆಷನ್‌ಗೆ 55 ಪೌಂಡ್ ಕೊಟ್ಟದ್ದು, 20 ಸೆಷನ್ ಆಯ್ತು, ಅಲ್ಲಿಗೇ 1100, ಮೊದಲ ಮೀಟಿಂಗ್‌ಗೆ ಬೇರೆ. ಅದಕ್ಕೂ ಮುಂಚೆ ಒಬ್ಬರ ಹತ್ರ ಎರಡು ಸೆಷನ್ ದುಡ್ಡು ಹಾಳು ಮಾಡಿದ್ವಿ, ಗೋಡೆ ತುಂಬ ಸರ್ಟಿಫಿಕೇಟ್, ಕೇಳಿದ್ರೆ ಯಾವ ರಿಜಿಸ್ಟರ್‌ನಲ್ಲೂ ಹೆಸರಿಲ್ಲ. ಇಂಗ್ಲೆಂಡಲ್ಲಿ ಪ್ಲೇ ಥೆರಪಿಸ್ಟ್ ಅಂತ ಬೋರ್ಡ್ ಹಾಕ್ಲಿಕ್ಕೆ ಕಾನೂನಿನ ತಡೆಯೇ ಇಲ್ಲ. ಪ್ಲೇ ಥೆರಪಿಸ್ಟ್‌ಗಳ ಸಂಘಗಳಾದ ಪಿಟಿಯುಕೆ ಅಥವಾ ಬಿಎಪಿಟಿ ರಿಜಿಸ್ಟರ್‌ನಲ್ಲಿ ಹೆಸರು ನೋಡಿ, ಡಿಬಿಎಸ್ ಚೆಕ್ (ಕ್ರಿಮಿನಲ್ ಹಿನ್ನೆಲೆಯ ತಪಾಸಣೆ) ಕೇಳಿ, ಫೀಸ್ ಕಡಿಮೆ ಮಾಡ್ತೀರಾ ಅಂತಲೂ ಕೇಳಿ, ನಾಚಿಕೆ ಬೇಡ.

ಇನ್ನೊಂದು, ಮಗ ಸೆಷನ್‌ನಿಂದ ಹೊರಗೆ ಬಂದ ಕೂಡ್ಲೇ ಎಂಥ ಆಡಿದ್ದು ಅಂತ ಕೇಳ್ಬೇಡಿ. ನಾನು ಪ್ರತಿ ವಾರ ಕೇಳಿ ಕೇಳಿ ಮಗಳು ಬಸ್ಸಿನ ಕಿಟಕಿಗೇ ಮುಖ ಮಾಡಿ ಕೂತುಬಿಡ್ತಿದ್ಳು, ಥೆರಪಿಸ್ಟ್ ಕರೆದು ನನಗೇ ಮೆಲ್ಲ ಹೇಳಿದ್ರು. ಬಿಟ್ಟೆ. ಎಷ್ಟೋ ವಾರ ಕಳೆದು ಒಂದಿನ ಅದೇ ಬಸ್ಸಲ್ಲಿ ಅವಳೇ, "ಅಮ್ಮಾ, ಇವತ್ತು ಮರಳಲ್ಲಿ ಅಜ್ಜಿಮನೆ ಬಾವಿ ಮಾಡಿದೆ, ನೀರು ಸೇದೂದು ಹೇಗೆ ಅಂತ ಅವರಿಗೆ ಗೊತ್ತೇ ಇಲ್ಲ, ನಾನೇ ಹೇಳಿಕೊಟ್ಟೆ" ಅಂದ್ಳು. ಇಂಗ್ಲಿಷಲ್ಲಿ ಹೇಳಿಕೊಟ್ಟದ್ದು ಮಾರಾಯ್ರೆ, ಶಾಲೇಲಿ ಯೆಸ್ ನೋ ಕೂಡ ಹೇಳದಿದ್ದವಳು.

ಮುಂದಿನ ವಾರ ವಾಪಸ್ ಬರ್ತೇನೆ, ಸೆನ್ಕೋಗೆ ಹಾಕುವ ಈಮೇಲ್ ಬರೆದು ನನಗೆ ಒಮ್ಮೆ ತೋರಿಸಿ. ಕೋರಿರೊಟ್ಟಿ ಬೇಕಾದ್ರೆ ಈಗಲೇ ಹೇಳಿ, ಬ್ಯಾಗಲ್ಲಿ ಇನ್ನು ಸ್ವಲ್ಪವೇ ಜಾಗ ಉಂಟು.